ನಿಮ್ಮ ತಂದೆಯವರು ಒಪ್ಪಿಗೆ ನೀಡಿದ್ದಾರೆ

ಮಾರ್ಚ್ 3

ತಮ್ಮ ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ರಜೆ ಮುಗಿಸಿ ಕಚೇರಿಗೆ ಹೋಗಲು ಶುರುಮಾಡಿದ ಮೇಲೆ ಯಾರ ಹತ್ತಿರವೂ ಏನೂ ಹೇಳಿಕೊಳ್ಳಲಾಗುತ್ತಿಲ್ಲ. ಅದಕ್ಕೇ ಈ ಪುಸ್ತಕ. ಯಾರೂ ಓದುವುದಕ್ಕಲ್ಲ.

ಕಾಲಿನ ಸಣ್ಣ ಆಪರೇಷನ್. ಲಿಫ್ಟ್ ರಿಪೇರಿ ಮಾಡುವಾಗ ಮೊಣಕಾಲು ತಿರುಚಿಕೊಂಡಿದ್ದ, ಅಷ್ಟೇ. ಮನೆಗೆ ಕಳಿಸಬೇಕಾಗಿದ್ದ ದಿನ ಬೆಳಿಗ್ಗೆ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಯಿತು ಅಂದರು. ನಲವತ್ತಮೂರು ವರ್ಷ. ನನಗಿಂತ ಆರು ವರ್ಷ ಚಿಕ್ಕವನು. ಅಂಗಿಯ ಗುಂಡಿ ಹಾಕಿಕೊಳ್ಳಲು ಅವನಿಗೆ ಕಲಿಸಿದವಳು ನಾನು.

ಆಸ್ಪತ್ರೆಯವರು ಕೊಟ್ಟ ಚೀಟಿ ನನ್ನ ಬಳಿ ಇದೆ. ಅದರಲ್ಲಿರುವುದನ್ನು ಸರ್ಕಾರದ ಸೇವಾ ಜಾಲತಾಣದಲ್ಲಿ ಮನೆಯವರು ತುಂಬಿದರೇನೇ ಸಾವು ದಾಖಲಾಗುವುದು. ತಮ್ಮನ ಹೆಂಡತಿ ಆ ವಾರ ಕುರ್ಚಿ ಬಿಟ್ಟು ಎದ್ದಿರಲಿಲ್ಲ. 'ನೀನು ತಲೆ ಕೆಡಿಸ್ಕೋಬೇಡ, ಅದು ನಮ್ಮ ಕಚೇರಿ ಕೆಲಸವೇ, ನಾನು ಹಾಕ್ತೀನಿ' ಅಂದಿದ್ದೆ. ಅದಕ್ಕೆ ಬೇಕಾಗುತ್ತದೆ ಅಂತ ಅವನ ಮೊಬೈಲನ್ನು ಒಂದು ಕರವಸ್ತ್ರದಲ್ಲಿ ಸುತ್ತಿ ಕೊಟ್ಟಳು.

ಇವತ್ತು ಊಟದ ಬಿಡುವಿನಲ್ಲಿ ಕೂತು ಎಲ್ಲ ತುಂಬಿದೆ. ಕೊನೆಯ ಪುಟದಲ್ಲಿ ಹೀಗೆ ಬಂತು: 'ಖಚಿತಪಡಿಸಲು, ಸಂಬಂಧಪಟ್ಟ ವ್ಯಕ್ತಿಯ ಮೊಬೈಲಿಗೆ ಆರು ಅಂಕಿಗಳನ್ನು ಕಳಿಸಲಾಗಿದೆ.' ನನ್ನ ಚೀಲದೊಳಗೆ ಅವನ ಮೊಬೈಲು ಗುಂಯ್ ಅಂದಿತು.

ಅವನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. 'ಅಕ್ಕಾ, ನಾನು ಸತ್ತಿದೀನಾ ಅಂತ ನನ್ನನ್ನೇ ಕೇಳ್ತಿದಾರಲ್ಲೇ' ಅನ್ನುತ್ತಿದ್ದ.

ಆ ಅಂಕಿಗಳ ಆಯುಸ್ಸು ಹತ್ತು ನಿಮಿಷ. ನೋಡುತ್ತಾ ಕೂತೆ, ಹತ್ತು ನಿಮಿಷ ಮುಗಿಯಿತು. ನಾಳೆ ಮಾಡಬೇಕು.

ಮಾರ್ಚ್ 6

ಕಚೇರಿಯಲ್ಲಿ ನನ್ನ ಕೆಲಸ ಬೇರೆ ಬೇರೆ ದೇಶಗಳವರು ಸರ್ಕಾರದ ಸೇವೆಯನ್ನು ಜನರ ಮನೆಗೆ ಹೇಗೆ ಮುಟ್ಟಿಸುತ್ತಾರೆ ಅಂತ ಓದಿ ಟಿಪ್ಪಣಿ ಬರೆಯುವುದು. ನಮ್ಮ ಜಾಲತಾಣವನ್ನು ಹೊಸದಾಗಿ ಕಟ್ಟುತ್ತಿದ್ದಾರೆ. ಮೇ ತಿಂಗಳಿಗೆ ವರದಿ ಮುಗಿಯಬೇಕು ಅಂತ ನಿರ್ದೇಶಕಿಯ ಒತ್ತಾಯ.

ಇವತ್ತು ಬ್ರಿಟನ್. ಅಲ್ಲಿ ಸಾವನ್ನು ನೋಂದಾಯಿಸಿದ ಮೇಲೆ ಮನೆಯವರು ಒಂದೇ ಸಲ ಹೇಳಿದರೆ ಸಾಕು. ಪಿಂಚಣಿ, ಪಾಸ್‌ಪೋರ್ಟು, ವಾಹನ ಪರವಾನಗಿ, ಬಹುಪಾಲು ಇಲಾಖೆಗಳಿಗೆ ಸುದ್ದಿ ತಾನಾಗಿಯೇ ಹೋಗುತ್ತದೆ. 'ದುಃಖದಲ್ಲಿರುವವರು ಒಂದೇ ಮಾತನ್ನು ಹತ್ತು ಕಡೆ ಹೇಳಬೇಕಾಗಿಲ್ಲ' ಅಂತ ಬರೆದೆ. ಚೆನ್ನಾಗಿ ಬಂದಿದೆ. ನಿರ್ದೇಶಕಿ ಓದಿ, 'ಈ ವಾಕ್ಯ ಹಾಗೇ ಇರಲಿ' ಅಂದರು.

ಸಂಜೆ ತಮ್ಮನ ಹೆಂಡತಿ ಫೋನ್ ಮಾಡಿದ್ದಳು. 'ಅತ್ತಿಗೆ, ಅದೇನಾದ್ರೂ ಆಯ್ತಾ?'

'ಸರ್ವರ್ ಸ್ವಲ್ಪ ತೊಂದರೆ ಕೊಡ್ತಿದೆ' ಅಂದೆ.

ಒಂದೇ ಸಲ ಹೇಳಿದರೆ ಸಾಕು. ಆ ಒಂದು ಸಲವೇ ನನ್ನಿಂದಾಗುತ್ತಿಲ್ಲ.

ಮಾರ್ಚ್ 11

ಬೆಳಿಗ್ಗೆ ಬಸ್ಸಿನಲ್ಲಿ ತಮ್ಮನ ಮೊಬೈಲು ಸದ್ದು ಮಾಡಿತು. ಆರೋಗ್ಯ ಇಲಾಖೆಯ ಸಂದೇಶ: 'ಪ್ರಿಯ ನಾಗರಿಕರೇ, ನಿಮ್ಮ ವಾರ್ಷಿಕ ತಪಾಸಣೆ ಬಾಕಿ ಇದೆ. ಯಾವ ದಿನ ನಿಮಗೆ ಅನುಕೂಲ?' ಕೆಳಗೆ ಮೂರು ದಿನಾಂಕ, ಜೊತೆಗೆ 'ಈಗ ಬೇಡ, ಮುಂದಿನ ತಿಂಗಳು ನೆನಪಿಸಿ' ಅನ್ನುವ ಗುಂಡಿ.

ಉತ್ತರ ಕೊಡದಿದ್ದರೆ ದಿನಾ ಕಳಿಸುತ್ತಾರೆ, ಅದು ನನಗೆ ಗೊತ್ತು. ಅದಕ್ಕೇ ಮುಂದಿನ ತಿಂಗಳು ಅನ್ನುವುದನ್ನು ಒತ್ತಿದೆ. ಕಿರಿಕಿರಿ ತಪ್ಪಲಿ ಅಂತ, ಬೇರೇನೂ ಇಲ್ಲ. ತಕ್ಷಣ ಮರುಸಂದೇಶ ಬಂತು: 'ಧನ್ಯವಾದಗಳು. ಚೆನ್ನಾಗಿರಿ.'

ಕಚೇರಿಗೆ ಹೋಗಿ ಅವನ ದಾಖಲೆ ತೆಗೆದು ನೋಡಿದೆ. ಹೊಸ ಜಾಲತಾಣವನ್ನು ಪರೀಕ್ಷಿಸಲು ಯಾರ ದಾಖಲೆಯನ್ನಾದರೂ ತೆಗೆಯುವ ಅಧಿಕಾರ ನನಗಿದೆ. ಭಾವಚಿತ್ರದಲ್ಲಿ ಅರ್ಧ ಕಣ್ಣು ಮುಚ್ಚಿದ್ದಾನೆ. ಅವನ ಯಾವ ಫೋಟೋದಲ್ಲೂ ಕಣ್ಣು ಪೂರ್ತಿ ತೆರೆದಿರುವುದಿಲ್ಲ. ಪಕ್ಕದಲ್ಲಿ ಹಸಿರು ಚುಕ್ಕೆ, ಹಸಿರು ಅಕ್ಷರ: 'ಸಕ್ರಿಯ'.

ತುಂಬ ಹೊತ್ತು ನೋಡಿದೆ. ಇಡೀ ಜಗತ್ತಿನಲ್ಲಿ ಆ ಮಾತು ಹೇಳುತ್ತಿರುವುದು ಅದೊಂದೇ ಜಾಗ.

ಮಾರ್ಚ್ 19

ಎಸ್ಟೋನಿಯಾದ ಟಿಪ್ಪಣಿ ಮುಗಿಯಿತು. ಪುಟ್ಟ ದೇಶ. ಸರ್ಕಾರ ಒಮ್ಮೆ ಕೇಳಿ ತಿಳಿದುಕೊಂಡದ್ದನ್ನು ಮತ್ತೆ ಕೇಳಬಾರದು ಅನ್ನುವುದು ಅವರ ನಿಯಮ. ಇನ್ನೊಂದು ನನಗೆ ತುಂಬ ಹಿಡಿಸಿತು. ತನ್ನ ಮಾಹಿತಿಯನ್ನು ಯಾವ ಕಚೇರಿ, ಯಾವಾಗ ತೆಗೆದು ನೋಡಿತು ಅನ್ನುವುದನ್ನು ಅಲ್ಲಿನ ನಾಗರಿಕ ತಾನೇ ನೋಡಬಹುದು. ಸುಮ್ಮನೆ ಇಣುಕಿದವರು ಸಿಕ್ಕಿಬೀಳುತ್ತಾರೆ. ನಮ್ಮಲ್ಲೂ ಇದು ಬರಲೇಬೇಕು ಅಂತ ಬಲವಾಗಿ ಶಿಫಾರಸು ಬರೆದೆ. ನಿರ್ದೇಶಕಿಗೆ ಖುಷಿಯಾಗಿ, ಪ್ರಯೋಗಕ್ಕೆ ಈಗಲೇ ಶುರುಮಾಡೋಣ ಅಂದರು.

ಬೇರೆ ವಿಷಯ. ತಮ್ಮನ ಲಿಫ್ಟ್ ತಂತ್ರಜ್ಞ ಪರವಾನಗಿಯ ಅವಧಿ ನಾಳೆಗೆ ಮುಗಿಯುತ್ತದೆ ಅಂತ ಸಂದೇಶ ಬಂದಿತ್ತು. ನವೀಕರಣಕ್ಕೆ ಹತ್ತು ಸುರಕ್ಷತಾ ಪ್ರಶ್ನೆ. ಅವನ ಕೈಪಿಡಿಯನ್ನು ಅವನು ಎಂದೋ ನನ್ನ ಮನೆಯಲ್ಲಿ ಬಿಟ್ಟುಹೋಗಿದ್ದ, ಅದು ಒಳ್ಳೆಯದಾಯಿತು. ಎರಡು ದಿನ ಕೂತು ಓದಿದೆ. ಉಕ್ಕಿನ ಹಗ್ಗದ ಎಷ್ಟು ಎಳೆ ಕಡಿದಿದ್ದರೆ ಹಗ್ಗ ಬದಲಿಸಬೇಕು, ಲಿಫ್ಟಿನಡಿಯ ಹಳ್ಳಕ್ಕೆ ಇಳಿಯುವ ಮೊದಲು ಯಾವ ಸ್ವಿಚ್ಚು ತೆಗೆಯಬೇಕು. ಪುಟಗಳ ಅಂಚಿನಲ್ಲಿ ಗ್ರೀಸಿನ ಬೆರಳಚ್ಚು. ಎಲ್ಲೆಲ್ಲಿ ಬೆರಳಚ್ಚು ಇತ್ತೋ ಅಲ್ಲಿಂದಲೇ ಪ್ರಶ್ನೆಗಳು ಬಂದವು.

ಹತ್ತಕ್ಕೆ ಒಂಬತ್ತು. ತಮ್ಮ ಪಾಸಾದ.

ಮಾರ್ಚ್ 24

ಇವತ್ತು ಒಂದೂ ಸಂದೇಶವಿಲ್ಲ. ಮೊಬೈಲು ಕೆಟ್ಟಿದೆಯೇನೋ ಅಂತ ನನ್ನ ಮೊಬೈಲಿನಿಂದ ಕರೆ ಮಾಡಿ ನೋಡಿದೆ. ಸರಿಯಾಗಿಯೇ ಇದೆ.

ಮಾರ್ಚ್ 29

ತಮ್ಮನ ಹೆಂಡತಿ ಮನೆಗೆ ಬಂದಿದ್ದಳು. ಮಗಳೂ ಜೊತೆಗಿದ್ದಳು. ಹದಿನೇಳು ತುಂಬಿದ ಹುಡುಗಿ, ಅಪ್ಪನ ಹಾಗೆಯೇ ಉದ್ದ ಕೈ. ಮೊದಲು ಮನೆಗೆ ಬಂದರೆ ನನ್ನ ಅಡುಗೆಮನೆಯ ಡಬ್ಬಗಳನ್ನೆಲ್ಲ ತಡಕುತ್ತಿದ್ದಳು. ಇವತ್ತು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತವಳು ಏಳಲಿಲ್ಲ.

ಅವರು ಇರುವ ಮನೆ ನಗರಸಭೆಯದು, ತಮ್ಮನ ಹೆಸರಿನಲ್ಲಿದೆ. ಅವನು ಹೋದ ತೊಂಬತ್ತು ದಿನದೊಳಗೆ ಹೆಂಡತಿಯ ಹೆಸರಿಗೆ ಬದಲಾಗದಿದ್ದರೆ ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ. ಅಂದರೆ ಮೇ ಹದಿಮೂರು. ಅವಳು ನಿನ್ನೆ ನಗರಸಭೆಗೆ ಹೋಗಿದ್ದಳಂತೆ.

'ಕಿಟಕಿಯಲ್ಲಿದ್ದವರು ಕಂಪ್ಯೂಟರ್ ನೋಡಿ, ನಿಮ್ಮ ಯಜಮಾನರು ಇದಾರಲ್ಲಮ್ಮ ಅಂದ್ರು ಅತ್ತಿಗೆ. ಇಲ್ಲ, ಹೋಗಿಬಿಟ್ರು ಅಂದೆ. ಎಲ್ಲಿಗೆ ಹೋದ್ರು ಅಂತ ಕೇಳಿದ್ರು.' ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. 'ಅಷ್ಟು ಜನರ ಮುಂದೆ ನಾನು ಅದನ್ನ ಬಾಯಿ ಬಿಟ್ಟು ಹೇಳ್ಬೇಕಾಯ್ತು. ಹೇಳಿದ್ಮೇಲೂ ಅವರು ನಂಬಲಿಲ್ಲ.'

'ಅರ್ಜಿ ಮೇಲಿನವರ ಹತ್ರ ನಿಂತಿದೆ. ನಾನು ವಿಚಾರಿಸ್ತೀನಿ' ಅಂದೆ.

'ನಿಮ್ಮ ಕಚೇರೀಲೇ ಹೀಗಾದ್ರೆ ಬೇರೆಯವರ ಗತಿ ಏನು?'

ಅವಳು ಸಿಟ್ಟಿನಿಂದ ಹೇಳಲಿಲ್ಲ. ನನ್ನ ಮೇಲಿನ ನಂಬಿಕೆಯಿಂದಲೇ ಹೇಳಿದಳು. ಚಹಾ ಮಾಡಲು ಒಳಗೆ ಹೋದೆ. ತಮ್ಮನ ಮೊಬೈಲು ಅಲ್ಲೇ ಕಿಟಕಿಯ ಬಳಿ ಚಾರ್ಜಿಗೆ ಹಾಕಿತ್ತು. ಅದರ ಮೇಲೆ ಒರೆಸುವ ಬಟ್ಟೆ ಮುಚ್ಚಿದೆ.

ಸೋಮವಾರ ಖಂಡಿತ.

ಏಪ್ರಿಲ್ 7

ನಮ್ಮ ಕಚೇರಿಯ ಲಿಫ್ಟಿನೊಳಗೆ ಒಂದು ಚೌಕಟ್ಟು ಇದೆ. ತಪಾಸಣೆ ಮಾಡಿದವರು ಅದರಲ್ಲಿನ ಚೀಟಿಗೆ ಸಹಿ ಹಾಕಬೇಕು. ಅದರಲ್ಲಿ ತಮ್ಮನ ಸಹಿ ಇದೆ, ಜನವರಿಯದು. ಐದು ಮಹಡಿ ಹತ್ತುವವರೆಗೆ ಅದನ್ನೇ ನೋಡುವುದು ನನಗೆ ಅಭ್ಯಾಸ. ಇವತ್ತು ಒಳಗೆ ಹೆಜ್ಜೆ ಇಟ್ಟರೆ ಯಾರೋ ಒಬ್ಬ ನಡುವಯಸ್ಸಿನವನು ಚೌಕಟ್ಟು ಬಿಚ್ಚಿ ಹೊಸ ಚೀಟಿ ತೂರಿಸುತ್ತಿದ್ದ.

'ಇದನ್ನ ನೋಡ್ಕೊಳ್ಳೋರು ಬೇರೆಯವರು' ಅಂದೆ.

'ಹೌದು ಮೇಡಂ, ಅವರು ತೀರ್ಕೊಂಡ್ರು ಪಾಪ. ಈಗ ನನಗೆ ಕೊಟ್ಟಿದಾರೆ.'

'ಅವರ ಪರವಾನಗಿ ಚಾಲ್ತಿಯಲ್ಲಿದೆ. ಕಳೆದ ತಿಂಗಳೇ ನವೀಕರಣ ಆಗಿದೆ. ಬೇಕಾದ್ರೆ ನೋಡಿ.' ಮೊಬೈಲಿನಲ್ಲಿ ತೆಗೆದು ತೋರಿಸಿದೆ. ಹತ್ತಕ್ಕೆ ಒಂಬತ್ತು, ಹಸಿರು ಮುದ್ರೆ.

ಅವನು ಪರದೆಯನ್ನು ನೋಡಿದ, ನನ್ನನ್ನು ನೋಡಿದ. ತಿರುಪುಳಿ ಕೈಯಲ್ಲೇ ಇತ್ತು. 'ಮೇಡಂ, ನಾನು ಅವರ ಶವದ ಜೊತೆ ನಡೆದು ಹೋಗಿದ್ದೆ. ನೀವೂ ಇದ್ರಿ ಅಲ್ಲಿ' ಅಂದ.

ಅವನಿಗೇನು ಗೊತ್ತು. ಮೆಟ್ಟಿಲು ಹತ್ತಿಕೊಂಡು ಹೋದೆ.

ಡೆನ್ಮಾರ್ಕಿನಲ್ಲಿ ಹದಿನೈದು ದಾಟಿದವರಿಗೆಲ್ಲ ಸರ್ಕಾರದ ಪತ್ರಗಳು ಡಿಜಿಟಲ್ ಪೆಟ್ಟಿಗೆಗೇ ಬರುವುದು. ಆಗದವರು ಮಾತ್ರ ವಿನಾಯಿತಿ ಕೇಳಬಹುದು. ಒಳ್ಳೆಯ ಪದ್ಧತಿ. ಮನುಷ್ಯ ಎಲ್ಲೇ ಇರಲಿ, ಪತ್ರ ಮುಟ್ಟುತ್ತದೆ. ತಮ್ಮನಿಗೂ ಈ ವಾರ ನಾಲ್ಕು ಬಂದವು. ನೀರಿನ ಇಲಾಖೆಯದು ಒಂದು, ಮತದಾರರ ಪಟ್ಟಿಯದು ಒಂದು, ತಪಾಸಣೆಯ ನೆನಪೋಲೆ, ಮತ್ತೊಂದು ನಮ್ಮ ಕಚೇರಿಯದೇ ಸಮೀಕ್ಷೆ. ಅವನಿಗೆ ಇಂಥದ್ದಕ್ಕೆಲ್ಲ ಪುರುಸೊತ್ತಿಲ್ಲ, ಯಾವಾಗಲೂ ನನ್ನ ಮೇಲೇ ಹಾಕುತ್ತಾನೆ. ಎಲ್ಲಕ್ಕೂ ಉತ್ತರ ಕೊಟ್ಟು ಮುಗಿಸಿದೆ.

ಏಪ್ರಿಲ್ 10

ನಿರ್ದೇಶಕಿ ಕರೆದು, 'ನೀವು ಇನ್ನೊಂದು ವಾರ ರಜೆ ತಗೋಬೇಕಿತ್ತು ಅನ್ಸುತ್ತೆ' ಅಂದರು.

'ನಾನು ಚೆನ್ನಾಗಿದೀನಿ. ಮನೇಲೂ ಎಲ್ಲರೂ ಚೆನ್ನಾಗಿದಾರೆ' ಅಂದೆ.



ಏಪ್ರಿಲ್ 15

ಇವತ್ತು ಒಳ್ಳೆಯ ಕೆಲಸವೊಂದಾಯಿತು.

ಬೆಳಿಗ್ಗೆ ಹತ್ತೂವರೆಗೆ ತಮ್ಮನಿಗೆ ಶಿಕ್ಷಣ ಇಲಾಖೆಯಿಂದ ಸಂದೇಶ. ಮಗಳು ಬಂದರಿನಲ್ಲಿರುವ ಹಡಗು ಎಂಜಿನ್ ಶಾಲೆಗೆ ಅರ್ಜಿ ಹಾಕಿದ್ದಾಳೆ. ಎರಡು ವರ್ಷ, ವಾಸವೂ ಅಲ್ಲೇ. ಹದಿನೆಂಟು ತುಂಬದವರಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು. ದಾಖಲೆಯಲ್ಲಿ ತಂದೆ ಇರುವುದರಿಂದ ಜಾಲತಾಣ ತಾನಾಗಿಯೇ ತಂದೆಯನ್ನು ಕೇಳಿದೆ. 'ನಿಮ್ಮ ಮಗಳ ಅರ್ಜಿಗೆ ನಿಮ್ಮ ಒಪ್ಪಿಗೆ ಇದೆಯೇ?' ಎರಡು ಗುಂಡಿ. ಇದೆ, ಇಲ್ಲ.

ಹುಡುಗಿಯ ಅಂಕಪಟ್ಟಿಯೂ ಜೊತೆಗಿತ್ತು. ಭೌತಶಾಸ್ತ್ರದಲ್ಲಿ ತೊಂಬತ್ತಾರು. ಇಷ್ಟು ದಿನ ಮಾತಿಲ್ಲದೆ ಸ್ಟೂಲಿನ ಮೇಲೆ ಕೂತಿದ್ದವಳು ಒಳಗೊಳಗೇ ಇದನ್ನು ಓದುತ್ತಿದ್ದಳು.

'ಇದೆ' ಒತ್ತಿದೆ.

ಏಪ್ರಿಲ್ 16

ನಿನ್ನೆ ನಡೆದದ್ದು ಇವತ್ತು ಗೊತ್ತಾಯಿತು. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಹುಡುಗಿ ಕಾಲೇಜಿನ ಕಾರ್ಯಾಗಾರದಲ್ಲಿದ್ದಳಂತೆ. ಅವಳ ಮೊಬೈಲಿಗೆ ಸಂದೇಶ ಬಂತು. 'ಅಭಿನಂದನೆಗಳು. ನಿಮ್ಮ ತಂದೆಯವರು ಇಂದು ಬೆಳಿಗ್ಗೆ 10.42ಕ್ಕೆ ಒಪ್ಪಿಗೆ ನೀಡಿದ್ದಾರೆ.'

ಅವಳು ಯಾರಿಗೂ ಹೇಳದೆ, ಚೀಲವನ್ನೂ ಎತ್ತಿಕೊಳ್ಳದೆ ಹೊರಟು, ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋಗಿದ್ದಾಳೆ. ಮೂರನೇ ಮಹಡಿಯ ಆ ವಾರ್ಡಿಗೇ ಹೋಗಿದ್ದಾಳೆ. ಕಿಟಕಿ ಪಕ್ಕದ ಆ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಅವರ ಮುಖದ ಮೇಲಿದ್ದ ಹೊದಿಕೆ ಸರಿಸಿ ನೋಡಿದಳಂತೆ. ಆಮೇಲೆ ನರ್ಸಿನ ಹತ್ತಿರ ಹೋಗಿ, 'ಏನಾದ್ರೂ ತಪ್ಪಾಗಿರಬಹುದಾ ಸಿಸ್ಟರ್? ನಮ್ಮ ಅಪ್ಪ ಇಲ್ಲೇ ಬೇರೆ ಎಲ್ಲಾದ್ರೂ ಇರಬಹುದಾ? ಒಂದು ಸಲ ಎಲ್ಲಾ ಕಡೆ ನೋಡ್ತೀರಾ?' ಅಂತ ಕೇಳಿದ್ದಾಳೆ. ನರ್ಸು ಅವಳನ್ನು ಕೂರಿಸಿ ತಾಯಿಗೆ ಫೋನ್ ಮಾಡಿದರು.

ಇವತ್ತು ಸಂಜೆ ಅಲ್ಲಿಗೆ ಹೋಗಿದ್ದೆ. ಹುಡುಗಿ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಮ್ಮನ ಹೆಂಡತಿ ಬಾಗಿಲು ಹಾಕಿಕೊಂಡು ಪಿಸುಮಾತಿನಲ್ಲಿ ಹೇಳಿದಳು.

'ಯಾರೋ ಅವರ ಹೆಸರಲ್ಲಿ ಬದುಕ್ತಿದಾರೆ ಅತ್ತಿಗೆ. ಯಾರೋ ಕಳ್ಳರು. ಅದಕ್ಕೇ ನಿಮ್ಮ ಅರ್ಜೀನೂ ಮುಂದೆ ಹೋಗ್ತಿಲ್ಲ ಅನ್ಸುತ್ತೆ. ನನ್ನ ಮಗಳು ನಿನ್ನೆ ಎರಡನೇ ಸಲ ಅಪ್ಪನ್ನ ಕಳ್ಕೊಂಡ್ಳು.'

ನನ್ನ ಚೀಲ ನನ್ನ ಮಡಿಲಲ್ಲೇ ಇತ್ತು. ಅದರೊಳಗೆ ಅವನ ಮೊಬೈಲಿತ್ತು. ಅದು ಈಗ ಸದ್ದು ಮಾಡದಿರಲಿ ಅಂತ ಬೇಡಿಕೊಳ್ಳುತ್ತಾ ಕೂತಿದ್ದೆ. ಹೇಳಲಿಲ್ಲ.

ಏಪ್ರಿಲ್ 17

ಹೇಳಲಿಲ್ಲ.

ಏಪ್ರಿಲ್ 18

ತಮ್ಮನ ಹೆಂಡತಿ ಕಚೇರಿಗೆ ಬಂದಳು. ನನ್ನ ಬಳಿಗಲ್ಲ, ನೇರವಾಗಿ ನಿರ್ದೇಶಕಿಯ ಬಳಿಗೆ. ದೂರು ಬರೆದು ತಂದಿದ್ದಳು. ನಿರ್ದೇಶಕಿ ನನ್ನನ್ನು ಕರೆಸಿದರು. 'ಇವರು ನಿಮ್ಮವರೇ ಅಂತ ಗೊತ್ತಾಯ್ತು. ಆ ದಾಖಲೆ ಯಾರು ನೋಡಿದಾರೆ, ಏನೇನು ಮಾಡಿದಾರೆ, ಎಲ್ಲಾ ತೆಗೆಸ್ತಿದೀನಿ. ನಿಮ್ಮ ಶಿಫಾರಸಿನ ಪ್ರಯೋಗ ಇದಕ್ಕೇ ಮೊದಲು ಉಪಯೋಗಕ್ಕೆ ಬಂತು ನೋಡಿ' ಅಂದರು.

ಮುದ್ರಣಯಂತ್ರ ಅವರ ಮೇಜಿನ ಪಕ್ಕದಲ್ಲೇ ಇದೆ. ಮೂರು ಹಾಳೆ ಹೊರಗೆ ಬಂದವು. ನಿರ್ದೇಶಕಿ ಮೊದಲನೆಯದನ್ನು ಕೈಗೆತ್ತಿಕೊಂಡು ಓದಿದರು, ಎರಡನೆಯದನ್ನು ಓದಿದರು, ಮೂರನೆಯದನ್ನು ತಿರುಗಿಸಿ ಮೇಜಿನ ಮೇಲೆ ಮಗುಚಿ ಇಟ್ಟರು.

'ನೀವು ಹೇಳ್ತೀರಾ, ನಾನು ಹೇಳ್ಲಾ?' ಅಂತ ನನ್ನನ್ನು ಕೇಳಿದರು.

ಚೀಲದಿಂದ ಮೊಬೈಲು ತೆಗೆದು ಮೇಜಿನ ಮೇಲಿಟ್ಟೆ. ಅದೇ ಕರವಸ್ತ್ರದಲ್ಲಿ ಸುತ್ತಿತ್ತು. ತಮ್ಮನ ಹೆಂಡತಿ ಅದನ್ನು ನೋಡಿದಳು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

'ಅರ್ಜಿ?'

'ಹಾಕಿಲ್ಲ.'

'ಅವತ್ತು ಸರ್ವರ್ ಅಂದ್ರಿ. ಮೇಲಿನವರು ಅಂದ್ರಿ.'

'ಸುಳ್ಳು.'

'ಹಾಗಾದ್ರೆ ನನ್ನ ಮಗಳಿಗೆ ಬಂದಿದ್ದು...'

'ನಾನೇ ಒತ್ತಿದ್ದು.'

ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ ಅಂತ ಕಾದೆ. ಅವಳು ಕರವಸ್ತ್ರದ ಗಂಟನ್ನು ನಿಧಾನವಾಗಿ ಬಿಚ್ಚಿದಳು. ಪರದೆ ಬೆಳಗಿತು. ನೂರಕ್ಕೆ ನೂರು ಚಾರ್ಜು ಇತ್ತು. ಅದನ್ನೇ ನೋಡುತ್ತಾ ಹೇಳಿದಳು.

'ಅರವತ್ತೈದು ದಿನ. ಹಾಸಿಗೆಯ ಆ ಪಕ್ಕ ಖಾಲಿ ಇದೆ ಅಂತ ದಿನಾ ಬೆಳಿಗ್ಗೆ ಹೊಸದಾಗಿ ಗೊತ್ತಾಗ್ತಿತ್ತು ನನಗೆ. ನಾನು ಅವರನ್ನ ಕಳ್ಕೊಂಡೆ ಅತ್ತಿಗೆ. ನೀವು ಇಟ್ಕೊಂಡ್ರಿ.'

ನಾನು ಏನೋ ಹೇಳಲು ಹೋದೆ. 'ಅವನು ನನ್ನ...' ಅಷ್ಟೇ ಬಂತು.

'ಅವರು ನಿಮಗೆ ತಮ್ಮ. ಗೊತ್ತು. ನನ್ನ ಜೊತೆ ಕೂತು ಅಳೋದಕ್ಕೆ ಒಬ್ಬರು ಸಿಕ್ತಾರೆ ಅಂತ ಅಂದ್ಕೊಂಡಿದ್ದೆ. ನೀವು ಒಂದು ದಿನವೂ ಅಳಲಿಲ್ಲ. ಎಷ್ಟು ಗಟ್ಟಿ ಮನಸ್ಸು ಅಂತ ಆಶ್ಚರ್ಯಪಡ್ತಿದ್ದೆ.'

ಅವಳು ಎದ್ದು ಹೋದಳು. ಮೊಬೈಲು ತೆಗೆದುಕೊಂಡು ಹೋದಳು. ಮನೆಗೆ ಬಂದ ಮೇಲೂ ಚೀಲದೊಳಗೆ ಗುಂಯ್ ಅಂದ ಹಾಗಾಯಿತು. ಮೂರು ಸಲ ಕೈಹಾಕಿ ನೋಡಿದೆ.

ಏಪ್ರಿಲ್ 22

ಅವಳು ಕರೆಸಿದಳು. ಹೋದೆ. ಹುಡುಗಿ ಮನೆಯಲ್ಲಿರಲಿಲ್ಲ, ನಾನು ಬರುತ್ತೇನೆಂದು ತಿಳಿದು ಹೊರಗೆ ಹೋಗಿದ್ದಳಂತೆ. ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು, 'ಕೂತ್ಕೊಳ್ಳಿ. ನನಗೆ ಇದೆಲ್ಲ ತುಂಬೋಕೆ ಬರಲ್ಲ. ನೀವೇ ತುಂಬಿ, ನಾನು ಪಕ್ಕದಲ್ಲಿರ್ತೀನಿ' ಅಂದಳು.

ಹೆಸರು, ವಯಸ್ಸು, ವೃತ್ತಿ. 'ಮೃತರೊಂದಿಗೆ ಸಂಬಂಧ' ಅನ್ನುವಲ್ಲಿ ಅವಳು ತನ್ನನ್ನು ತೋರಿಸಿ, 'ಹೆಂಡತಿ ಅಂತ ಹಾಕಿ' ಅಂದಳು. ಸಮಯ ಕೇಳಿತು. ನನಗೆ ನಿಮಿಷ ನೆನಪಿರಲಿಲ್ಲ. ಅವಳಿಗೆ ನೆನಪಿತ್ತು. ಏಳು ಇಪ್ಪತ್ತು.

ಕೊನೆಯ ಪುಟ. ಅವಳ ಕೈಯಲ್ಲಿ ಮೊಬೈಲು ಸದ್ದು ಮಾಡಿತು. ಅವಳು ಆರು ಅಂಕಿಗಳನ್ನು ಒಂದೊಂದಾಗಿ ಓದಿದಳು, ನಾನು ಒಂದೊಂದಾಗಿ ಒತ್ತಿದೆ. ನಾಲ್ಕನೆಯದರ ಹತ್ತಿರ ಅವಳ ಧ್ವನಿ ನಿಂತುಹೋಯಿತು. ನಾನು ಕಾದೆ. ಮತ್ತೆ ಓದಿದಳು.

ಹಸಿರು ಚುಕ್ಕೆ ಬೂದು ಬಣ್ಣಕ್ಕೆ ತಿರುಗಿತು. ಸದ್ದಿಲ್ಲ, ಏನಿಲ್ಲ. ಕೆಳಗೆ ಐದು ನಕ್ಷತ್ರ ಮೂಡಿದವು. 'ಈ ಸೇವೆ ನಿಮಗೆ ಹೇಗನ್ನಿಸಿತು?'

ಅವಳು ಅದನ್ನು ನೋಡಿ ನಕ್ಕಳು. ನಗು ಅಳುವಾಯಿತು. ನನಗೂ ಬಂತು. ಆ ಮೇಜಿನ ಮೇಲೆ ತಲೆಯಿಟ್ಟು ನಾನು ಅತ್ತದ್ದನ್ನು ಇಲ್ಲಿ ಬರೆಯಲಾರೆ. ಅವಳು ನನ್ನ ಬೆನ್ನ ಮೇಲೆ ಕೈಯಿಡಲಿಲ್ಲ. ಆದರೆ ಎದ್ದೂ ಹೋಗಲಿಲ್ಲ.

ಮೇ 8

ಮನೆ ಅವಳ ಹೆಸರಿಗಾಯಿತು, ಐದು ದಿನ ಬಾಕಿ ಇರುವಾಗ. ನಿರ್ದೇಶಕಿ ಫೋನ್ ಮಾಡಿ ಅಷ್ಟು ಮಾತ್ರ ತಿಳಿಸಿದರು.

ನನ್ನ ವಿಚಾರಣೆಯೂ ಮುಗಿಯಿತು. ದಾಖಲೆ ತೆಗೆದು ನೋಡುವ ಅಧಿಕಾರ ಹೋಯಿತು. ಈ ವಾರದಿಂದ ಕೆಳಗಿನ ಮಹಡಿಯ ನಾಲ್ಕನೇ ಕಿಟಕಿಯಲ್ಲಿ ಕೆಲಸ. ಕಂಪ್ಯೂಟರ್ ಬಾರದವರು, ಕಣ್ಣು ಕಾಣದವರು, ಸಾಲಿನಲ್ಲಿ ನಿಂತು ಬಾಯಲ್ಲೇ ಹೇಳಬೇಕೆನ್ನುವವರು ಅಲ್ಲಿಗೆ ಬರುತ್ತಾರೆ. ವರದಿ ಬೇರೆಯವರು ಮುಗಿಸುತ್ತಾರೆ. ಕೊಟ್ಟು ಬರುವ ಮುಂಚೆ ಒಂದೇ ಒಂದು ಸಾಲು ಸೇರಿಸಿದೆ: ಸತ್ತವರ ಮೊಬೈಲಿಗೆ ಅಂಕಿ ಕಳಿಸುವುದನ್ನು ನಿಲ್ಲಿಸಬೇಕು.

ಇವತ್ತು ಒಬ್ಬರು ಮುದುಕರು ಬಂದಿದ್ದರು. ಹೆಂಡತಿಯ ಸಾವು ಬರೆಸಬೇಕಿತ್ತು. ಹೆಸರು ಹೇಳಿ ಸುಮ್ಮನಾದರು. ಹಿಂದೆ ಸಾಲು ಬೆಳೆಯುತ್ತಿತ್ತು. 'ನಿಧಾನ ಹೇಳಿ, ಪರವಾಗಿಲ್ಲ' ಅಂದೆ. ಅವರು ಹೇಳುವವರೆಗೂ ಕೀಲಿಯ ಮೇಲಿಂದ ಕೈ ತೆಗೆದಿಟ್ಟಿದ್ದೆ.

ಮೇ 26

ಮಧ್ಯಾಹ್ನ ಊಟಕ್ಕೆ ಕಿಟಕಿ ಮುಚ್ಚುವ ಹೊತ್ತಿಗೆ ಹುಡುಗಿ ಬಂದು ನಿಂತಳು. ಆರು ವಾರದ ಮೇಲೆ ಅವಳನ್ನು ನೋಡಿದ್ದು. ರಸ್ತೆ ದಾಟಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೆವು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು.

'ಹಳೇ ಅರ್ಜಿ ರದ್ದಾಯ್ತು ಅತ್ತೆ. ಹೊಸದು ಹಾಕಿದೀನಿ. ಅಮ್ಮ ಒಪ್ಪಿದಾರೆ. ಅಮ್ಮ ಒಬ್ಬರೇ ಸಾಕಂತೆ ಈಗ.'

'ಒಳ್ಳೇದಾಯ್ತು.'

'ನಿಮ್ಮನ್ನ ಒಂದು ಕೇಳ್ಬೇಕಿತ್ತು. ಅಪ್ಪನಿಗೆ ನಾನು ಹೇಳಿರಲಿಲ್ಲ. ಕಾಲು ವಾಸಿಯಾಗಲಿ ಅಂತ ಕಾಯ್ತಿದ್ದೆ. ನೀವು ಅದನ್ನ ಒತ್ತಿದ್ರಲ್ಲ, ಅಪ್ಪ ಒಪ್ತಿದ್ರು ಅಂತ ನಿಮಗೆ ಗೊತ್ತಿತ್ತಾ?'

ಸುಳ್ಳು ಬಾಯಿಗೆ ಬಂದಿತ್ತು. ಎಷ್ಟು ಸುಲಭದ, ಎಷ್ಟು ಒಳ್ಳೆಯ ಸುಳ್ಳು. ಈ ಪುಸ್ತಕದಲ್ಲೂ ಬರೆಯದೆ ಬಚ್ಚಿಟ್ಟದ್ದನ್ನು ಅವಳಿಗೆ ಹೇಳಿದೆ.

'ಅವನಿಗೆ ಗೊತ್ತಿತ್ತು. ನಿನ್ನ ಚೀಲದಲ್ಲಿ ಆ ಶಾಲೆಯ ಪುಸ್ತಿಕೆ ನೋಡಿದ್ದನಂತೆ. ಹೋಗೋ ಹಿಂದಿನ ದಿನ ಆಸ್ಪತ್ರೇಲಿ ನನ್ನ ಹತ್ರ ಅದೇ ಮಾತು. ಬೇಡ ಅಂದ. ನಾನು ಬದುಕಿರೋವರೆಗೂ ಅವಳನ್ನ ನೀರಿನ ಮೇಲೆ ಕಳಿಸಲ್ಲ ಅಂದ. ಒಪ್ಪಿಗೆ ಒತ್ತಿದ್ದು ಅವನಲ್ಲ. ನಾನು.'

ಅವಳು ರಸ್ತೆಯನ್ನೇ ನೋಡುತ್ತಿದ್ದಳು. ಒಂದು ಬಸ್ಸು ಬಂದು ನಿಂತು ಹೋಯಿತು.

'ಅವತ್ತು ಆಸ್ಪತ್ರೆಗೆ ಹೋಗ್ತಾ ಬಸ್ಸಲ್ಲಿ ಅದೇ ಯೋಚನೆ' ಅಂದಳು. 'ಅಪ್ಪ ಇಷ್ಟು ಸುಲಭಕ್ಕೆ ಒಪ್ಪೋರಲ್ಲ. ಒಂದೇ ಮಾತಿಗೆ ಹೂಂ ಅನ್ನೋರು ನಮ್ಮಪ್ಪ ಅಲ್ಲ. ಗೊತ್ತಿತ್ತು ನನಗೆ. ಆದ್ರೂ ಬಸ್ ಇಳೀಲಿಲ್ಲ.'



'ಇನ್ನೇನಂದ್ರು?' ಅಂತ ಕೇಳಿದಳು. 'ಬೈದಿದ್ದೂ ಹೇಳಿ. ಎಲ್ಲಾ ಹೇಳಿ.'

ಹೇಳಿದೆ. ಹಡಗಿನ ಎಂಜಿನ್ ಕೋಣೆಯ ಬಿಸಿಯಲ್ಲಿ ಗಂಡಾಳುಗಳೇ ಬಸವಳಿಯುತ್ತಾರೆ ಅಂದಿದ್ದ. ಅವಳು ಅದಕ್ಕೆ ಉತ್ತರ ಕೊಟ್ಟಳು. ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗಲ್ಲ, ಅವಳಮ್ಮ ಹುಚ್ಚಿಯಾಗ್ತಾಳೆ ಅಂದಿದ್ದ. ಅದಕ್ಕೂ ಉತ್ತರವಿತ್ತು. ಅವಳಿಗೆ ಈಜೇ ಬರಲ್ಲ ಅಂದಿದ್ದ. 'ಕಲೀತಿದೀನಿ' ಅಂದಳು, ನನ್ನ ಕಡೆ ತಿರುಗಿ, ಧ್ವನಿ ಏರಿಸಿ, ನಾನೇ ಅಡ್ಡ ಬಂದವಳೇನೋ ಅನ್ನುವ ಹಾಗೆ. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸು ನಮ್ಮನ್ನೇ ನೋಡಿದಳು. ನಾನು ಅವನ ಮಾತುಗಳನ್ನು ಒಂದೊಂದಾಗಿ ಹೇಳುತ್ತಾ ಹೋದೆ, ಅವಳು ಒಂದೊಂದಕ್ಕೂ ಜಗಳ ಆಡುತ್ತಾ ಹೋದಳು. ನನ್ನ ತಮ್ಮ ತುಂಬ ಹಟಮಾರಿಯಾಗಿದ್ದ. ಹೇಳಲು ಬಹಳವಿತ್ತು.

ಎರಡು ಗಂಟೆಗೆ ಕಿಟಕಿ ತೆರೆಯಬೇಕಿತ್ತು. ಕಾಲು ಗಂಟೆ ತಡವಾಯಿತು. ಕೊನೆಯ ಮಾತು ಅವಳದೇ ಆಯಿತು.